ಹಾಡುವವರ ಕೈ, ಕುಣಿಯುವವರ ಕಾಲು

ಹಿಂದೂಸ್ತಾನಿ ಗಾಯಕರು ಹಾಡುವಾಗ ಅವರ ಕೈ ಸುಮ್ಮನಿರುವುದಿಲ್ಲ. ಮೀಂಡಿನಲ್ಲಿ ಸ್ವರ ಜಾರಿದರೆ ಕೈಯೂ ಗಾಳಿಯಲ್ಲಿ ಜಾರುತ್ತದೆ, ತಾನ್ ಚಿಮ್ಮಿದಾಗ ಬೆರಳುಗಳು ಬಿಚ್ಚಿಕೊಳ್ಳುತ್ತವೆ, ತಾರ ಷಡ್ಜದಲ್ಲಿ ನಿಂತರೆ ಅಂಗೈ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಭೀಮಸೇನ ಜೋಶಿಯವರನ್ನು ಎದುರಿಗೆ ಕೂತು ಕೇಳಿದವರು ಅವರ ದನಿಯನ್ನು ನೆನೆದಾಗಲೆಲ್ಲ ಆ ತೋಳು, ಆ ಭುಜ, ಸ್ವರದೊಂದಿಗೇ ತೂಗುತ್ತಿದ್ದ ಇಡೀ ಮೈಯನ್ನು ನೆನೆಯುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಂತೂ ಕೈಗೆ ಕೆಲಸವೇ ಗೊತ್ತಾಗಿದೆ. ಆದಿತಾಳವೆಂದರೆ ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಬೀಸುವುದು ಎರಡು ಸಲ. ಹಾಡುವವರ ತೊಡೆಯ ಮೇಲೆ ನಡೆಯುವ ಈ ಲೆಕ್ಕದ ಮೇಲೆ ಮೃದಂಗದವರ ಒಂದು ಕಣ್ಣು ಇದ್ದೇ ಇರುತ್ತದೆ.

ಸಂಗೀತ ಕಿವಿಯ ವಿದ್ಯೆ ಎಂದು ನಾವು ಇಷ್ಟು ಸಲೀಸಾಗಿ ಹೇಳುವುದಕ್ಕೆ ಗ್ರಾಮಫೋನೂ ಒಂದು ಕಾರಣ ಎಂಬುದು ನನ್ನ ಎಣಿಕೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಿದಾಗ ತಟ್ಟೆಯ ಮೇಲೆ ಉಳಿದದ್ದು ದನಿ ಮಾತ್ರ. ಹಾಡುತ್ತಿದ್ದ ಆ ಹೆಂಗಸಿನ ಕೈ, ಕಣ್ಣು, ಸಾರಂಗಿಯವರ ಕಡೆಗೆ ಹೊರಳಿದ ನೋಟ ಯಾವುದೂ ಉಳಿಯಲಿಲ್ಲ. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ ಮರುಳಾದ ಕತೆ ಎಲ್ಲರಿಗೂ ಗೊತ್ತು. ಆದರೆ ತಟ್ಟೆ ಕೇಳಿ ಅವನು ಮನೆಯಲ್ಲೇ ಕೂರಲಿಲ್ಲ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಊರು ಬಿಟ್ಟ. ಊರೂರು ತಿರುಗಿ ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಎದುರು ಕೂತ. ಎದುರು ಕೂತು ಕಲಿಯಬೇಕಾದ್ದು ತಟ್ಟೆಯಲ್ಲಿ ಸಿಗುವಂಥದ್ದಾಗಿರಲಿಲ್ಲ.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಂಪ್ಯೂಟರು ಸಂಗೀತದ ಕಡೆಗೆ ಬಂದಾಗ ಅದೂ ಗ್ರಾಮಫೋನಿನ ದಾರಿಯನ್ನೇ ಹಿಡಿದಿತ್ತು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಎಷ್ಟೋ ಮನೆಗಳ ಪಾಠದ ಚಾಪೆಯ ಪಕ್ಕ ಜಾಗ ಪಡೆದವು. ಅದೇ ಊರಿನ ಮ್ಯೂಸಿಕ್‌ಮುನಿ ಲ್ಯಾಬ್ಸ್‌ನವರ ರಿಯಾಜ್ ಆ್ಯಪು ಹಾಡುವವರ ಸ್ವರವನ್ನು ಕೇಳಿ, ಎಲ್ಲಿ ಸರಿ, ಎಲ್ಲಿ ತಪ್ಪಿತು ಎಂದು ಮೊಬೈಲಿನ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಸಂಗೀತ ಮೇಷ್ಟ್ರು ಸಿಗದ ಊರುಗಳ ಮಕ್ಕಳಿಗೆ ಇವು ನಿಜವಾದ ಉಪಕಾರ. ಆದರೆ ಇವೆಲ್ಲವೂ ದನಿಯಷ್ಟೇ ಗೊತ್ತಿರುವ ಯಂತ್ರಗಳು. ಹಾಡುವವರ ಮೈ ಇವುಗಳ ಗಮನಕ್ಕೆ ಬರುವುದೇ ಇಲ್ಲ.

ಕಂಪ್ಯೂಟರಿಗೆ ಕ್ಯಾಮೆರಾದ ಕಣ್ಣು ಕೊಟ್ಟು ಸಂಗೀತಗಾರರನ್ನು ನೋಡಿಸುವ ಕೆಲಸ ಈಗ ಗಟ್ಟಿಯಾಗಿ ಶುರುವಾಗಿದೆ. 2022ರ ಡಿಸೆಂಬರಿನಲ್ಲಿ ಇಸ್ಮಿರ್ ಎಂಬ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಕಂಪ್ಯೂಟರಿನ ಮೂಲಕ ಸಂಗೀತವನ್ನು ಅರಿಯಲು ಹೊರಟ ಜಗತ್ತಿನ ವಿದ್ವಾಂಸರು ವರ್ಷಕ್ಕೊಮ್ಮೆ ಸೇರುವ ಸಭೆ ಅದು. ಅಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಲೇಟನ್, ಮುಂಬಯಿ ಐಐಟಿಯ ಪ್ರೀತಿ ರಾವ್ ಮತ್ತು ಸಂಗಡಿಗರು ಮಂಡಿಸಿದ ಪ್ರಬಂಧವೊಂದು ನನ್ನನ್ನು ಬಹಳ ಸೆಳೆಯಿತು. ಮೂವರು ಗಾಯಕರು, ಒಂಬತ್ತು ರಾಗಗಳು. ಹಾಡುವುದನ್ನು ವಿಡಿಯೊದಲ್ಲಿ ಹಿಡಿದು, ಪ್ರತಿ ಚಿತ್ರದಲ್ಲಿಯೂ ಭುಜ ಎಲ್ಲಿದೆ, ಮೊಣಕೈ ಎಲ್ಲಿದೆ, ಮಣಿಕಟ್ಟು ಎಲ್ಲಿದೆ ಎಂದು ಕಂಪ್ಯೂಟರೇ ಗುರುತು ಹಾಕಿಕೊಂಡು ಹೋಗುವಂತೆ ಮಾಡಿದರು. ಮೊದಲೆಲ್ಲ ಇಂಥ ಕೆಲಸಕ್ಕೆ ಕಲಾವಿದರ ಮೈಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ ಪ್ರಯೋಗಾಲಯದಲ್ಲಿ ಕೂರಿಸಬೇಕಿತ್ತು. ಈಗ ಕಚೇರಿಯ ವಿಡಿಯೊ ಸಾಕು. ಬಳಿಕ ಹನ್ನೆರಡು ಸೆಕೆಂಡಿನ ತುಣುಕುಗಳನ್ನು ಕೊಟ್ಟು, ಇದು ಯಾವ ರಾಗ ಎಂದು ಯಂತ್ರವನ್ನು ಕೇಳಿದರು.

ದನಿ ಕೇಳಿಸಿದಾಗ ಯಂತ್ರ ಚೆನ್ನಾಗಿಯೇ ಹೇಳಿತು. ದನಿ ಕೊಡದೆ ಕೈಯ ಚಲನೆಯನ್ನಷ್ಟೇ ತೋರಿಸಿದಾಗ ತಡಬಡಿಸಿತು. ಎರಡನ್ನೂ ಒಟ್ಟಿಗೆ ಕೊಟ್ಟಾಗ ದನಿಯೊಂದರಿಂದ ಬಂದದ್ದಕ್ಕಿಂತಲೂ ಉತ್ತಮ ಉತ್ತರ ಬಂತು. ಹಾಗೆಂದರೆ ಕೈಯಲ್ಲಿ ರಾಗದ ಗುಟ್ಟೆಲ್ಲ ಅಡಗಿದೆ ಎಂದಲ್ಲ. ದನಿಯೊಳಗೆ ಪೂರ್ತಿ ಸಿಗದ ಏನೋ ಒಂದಿಷ್ಟು ಕೈಯಲ್ಲಿದೆ, ಅಷ್ಟೆ. ಆ ಒಂದಿಷ್ಟು ಇದೆ ಎಂದು ತೋರಿಸಿಕೊಟ್ಟದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ವಿದ್ವಾಂಸ ಮ್ಯಾಟ್ ರಹೇಮ್ ಗಾಯಕರ ಕೈಚಲನೆಯ ಬಗ್ಗೆಯೇ 2012ರಲ್ಲಿ ಒಂದು ಪುಸ್ತಕ ಬರೆದು, ಶಿಷ್ಯರು ಗುರುವಿನಿಂದ ದನಿಯ ಜತೆಗೆ ಮೈಯ ನಡೆಯನ್ನೂ ಪಡೆಯುತ್ತಾರೆ ಎಂದು ವಿವರಿಸಿದ್ದರು. ಅವರು ಕಣ್ಣಿಂದ ಕಂಡು ಬರೆದದ್ದನ್ನು ಈಗ ಅಳೆದು ನೋಡುವ ದಾರಿ ತೆರೆದಿದೆ.

ಇನ್ನೊಂದು ದಿಕ್ಕಿನಲ್ಲಿ ಯಂತ್ರ ತಾನೇ ನುಡಿಸಲು ಕೂತಿದೆ. 2016ರಲ್ಲಿ ಜಪಾನಿನ ಯಮಾಹ ಕಂಪನಿಯವರು ಟೋಕಿಯೊದಲ್ಲಿ ಮಾಡಿ ತೋರಿಸಿದ್ದು ಇದು: 1997ರಲ್ಲಿ ತೀರಿಹೋದ ರಷ್ಯದ ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ ಅವರ ಶೈಲಿಯಲ್ಲಿ ಯಂತ್ರ ಪಿಯಾನೊ ನುಡಿಸಿತು, ಬರ್ಲಿನ್ ಫಿಲ್ಹಾರ್ಮೊನಿಕ್ಕಿನ ಕಲಾವಿದರು ಅದರ ಜತೆ ನುಡಿಸಿದರು. ಮೈಕುಗಳು ಅವರ ದನಿಯನ್ನೂ ಕ್ಯಾಮೆರಾಗಳು ಅವರ ಮೈಯನ್ನೂ ಹಿಂಬಾಲಿಸುತ್ತಿದ್ದವು. ಪಿಟೀಲಿನ ಕಮಾನು ತಂತಿಗೆ ತಾಗುವ ಮೊದಲೇ ಕೈ ಏಳುತ್ತದಲ್ಲ, ಆ ಗಳಿಗೆಯನ್ನು ಯಾವ ಮೈಕೂ ಕೇಳಲಾರದು. ಅದಕ್ಕೇ ಕ್ಯಾಮೆರಾ ಬೇಕಾದದ್ದು. ತೀರಿಹೋದವರ ಶೈಲಿಯನ್ನು ಹೀಗೆ ಎಬ್ಬಿಸಿ ಕೂರಿಸುವುದು ನನಗೆ ಹಿಡಿಸಿದ್ದಲ್ಲ. ಆದರೆ ಜತೆಯಲ್ಲಿ ನುಡಿಸುವವರಿಗೆ ಕಣ್ಣು ಬೇಕೆಂದು ಅಲ್ಲಿನ ಎಂಜಿನಿಯರುಗಳು ಕಂಡುಕೊಂಡರಲ್ಲ, ಅದನ್ನು ಒಪ್ಪಲೇಬೇಕು.

ಲಕ್ಕವಳ್ಳಿಯಲ್ಲಿ ಕೂತು ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ಪಿಯಾನೊ ಅಲ್ಲ, ವೀರಗಾಸೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಶ್ರಾವಣ, ಕಾರ್ತಿಕ ಬಂತೆಂದರೆ ವೀರಭದ್ರನ ಗುಡಿಯ ಮುಂದೆ, ಜಾತ್ರೆಯ ತೇರಿನ ಮುಂದೆ ಈ ಕುಣಿತ ಕಾಣಲೇಬೇಕು. ತಲೆಗೆ ಬಿಳಿಯ ಜಡೆ, ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಸೊಂಟದ ಮುಂದೆ ವೀರಭದ್ರನ ಹಲಗೆ, ಬಲಗೈಲಿ ಕತ್ತಿ, ಕಾಲಿಗೆ ಗೆಜ್ಜೆ. ಕರಡೆ, ಸಮಾಳ, ತಾಳ ನಡುಗಿಸುವ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ವಾದ್ಯ ನಿಲ್ಲುತ್ತದೆ. ಒಬ್ಬರು ಮುಂದೆ ಬಂದು ಒಡಪು ಹೇಳುತ್ತಾರೆ. ದಕ್ಷಯಜ್ಞದ ಕತೆ ಏರುತ್ತಾ ಹೋಗುತ್ತದೆ. ಕೊನೆಯ ಮಾತಿನ ಕೊನೆಯ ಅಕ್ಷರ ಮುಗಿಯುವುದಕ್ಕೂ ಕರಡೆಯ ಮೊದಲ ಪೆಟ್ಟು ಬೀಳುವುದಕ್ಕೂ ಕುಣಿಯುವವರ ಕಾಲು ನೆಲದಿಂದ ಏಳುವುದಕ್ಕೂ ನಡುವೆ ಜಾಗವೇ ಇರುವುದಿಲ್ಲ. ಆ ಹೊತ್ತಿನಲ್ಲಿ ಬಾರಿಸುವವರ ಮುಖವನ್ನು ನೋಡಿ. ಅವರು ತಮ್ಮ ವಾದ್ಯವನ್ನು ನೋಡುತ್ತಿರುವುದಿಲ್ಲ, ಒಡಪು ಹೇಳುವವರ ಎದೆಯನ್ನೂ ಕತ್ತಿ ಹಿಡಿದ ಕೈಯನ್ನೂ ನೋಡುತ್ತಿರುತ್ತಾರೆ. ಉಸಿರು ತುಂಬಿದ್ದು, ಕತ್ತಿ ಒಂದಿಷ್ಟು ಮೇಲೆದ್ದದ್ದು ಅವರಿಗೆ ಸಾಕು. ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರಿಗೂ ಚೆಂಡೆಯವರಿಗೂ ಮುಮ್ಮೇಳದವರ ಹೆಜ್ಜೆಯ ಮೇಲೆ ಇರುವ ಕಣ್ಣೂ ಇಂಥದ್ದೇ.

ಯಾರು ಯಾರನ್ನು ನಡೆಸುತ್ತಾರೆ? ಕರಡೆ ಕಾಲನ್ನು ಎಬ್ಬಿಸುತ್ತದೋ, ಕಾಲು ಕರಡೆಯನ್ನು ಎಳೆದೊಯ್ಯುತ್ತದೋ? ಕೇಳಿದರೆ ಮೇಳದವರು ನಕ್ಕು, ಅದೆಲ್ಲ ಅಭ್ಯಾಸ ಅನ್ನುತ್ತಾರೆ. ಆದರೆ ಇದು ಉತ್ತರ ಸಿಗುವ ಪ್ರಶ್ನೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ನಾಲ್ವರು ತಂತಿವಾದ್ಯಗಾರರ ಮೇಳಗಳನ್ನು ಹೀಗೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಪ್ರತಿ ಸಲ ಒಬ್ಬರನ್ನು ಗುಟ್ಟಾಗಿ ಮುಂದಾಳು ಮಾಡಿ, ಎಲ್ಲರ ಮೈ ತೂಗುವುದನ್ನು ಅಳೆದರು. ಮುಂದಾಳಿನ ಮೈ ಮೊದಲು ತೂಗಿ, ಉಳಿದವರ ಮೈ ಅದರ ಹಿಂದೆ ಸಾಗುವುದು ಲೆಕ್ಕದಲ್ಲಿ ಕಂಡಿತು. ಒಬ್ಬರಿಗೊಬ್ಬರು ಕಾಣದಂತೆ ಕೂರಿಸಿದಾಗ ಆ ಎಳೆತ ತಗ್ಗಿತು, ಆದರೆ ಇಲ್ಲವಾಗಲಿಲ್ಲ.

ಆ ಕೊನೆಯ ಮಾತನ್ನು ಓದಿದಾಗ ನನ್ನ ಮನಸ್ಸು ಗದಗಿಗೆ ಹೋಯಿತು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅವರಿಂದ ಕಲಿತು ಹೊರಬಂದ ಎಷ್ಟೋ ಗಾಯಕರಿಗೆ, ತಬಲಾ, ಹಾರ್ಮೋನಿಯಂ ವಾದಕರಿಗೆ ಕಣ್ಣಿಲ್ಲ. ಗಾಯಕರು ಸಮ್‌ಗೆ ಬರುವ ಮೊದಲು ಎಳೆದುಕೊಳ್ಳುವ ಉಸಿರನ್ನು, ಚಾಪೆಯ ಮೇಲೆ ಮೈ ಸರಿದ ಸದ್ದನ್ನು ಅವರು ಓದುತ್ತಾರೆ. ಹುಟ್ಟು ಕುರುಡರೂ ಮಾತಾಡುವಾಗ ಕೈಯಾಡಿಸುತ್ತಾರೆ, ಎದುರಿಗಿರುವವರೂ ಕುರುಡರೆಂದು ಗೊತ್ತಿದ್ದಾಗಲೂ ಆಡಿಸುತ್ತಾರೆ ಎಂದು 1998ರಲ್ಲೇ ಇಬ್ಬರು ಮನೋವಿಜ್ಞಾನಿಗಳು ತೋರಿಸಿದ್ದರು. ಕೈ ಏಳುವುದು ಇನ್ನೊಬ್ಬರಿಗೆ ಕಾಣಲಿ ಎಂದಷ್ಟೇ ಅಲ್ಲ, ಒಳಗಿನದು ಹೊರಬರುವ ರೀತಿಯೇ ಅದು. ಯಂತ್ರಕ್ಕೆ ಕಣ್ಣು ಕೊಟ್ಟುಬಿಟ್ಟರೆ ಮುಗಿಯಿತು ಎನ್ನುವ ಉತ್ಸಾಹಿಗಳು ಗದಗಿಗೆ ಒಮ್ಮೆ ಹೋಗಿ ಬರಬೇಕು.

ಕ್ಯಾಮೆರಾ ತಾನೇ ಎಷ್ಟು ಕಾಣುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಮೊಬೈಲಿನ ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ. ಅಂದರೆ ಎರಡು ಚಿತ್ರಗಳ ನಡುವೆ ಸುಮಾರು 33 ಮಿಲಿಸೆಕೆಂಡು ಕತ್ತಲೆ. ಕರಡೆಯ ದ್ರುತದ ಪೆಟ್ಟು ಆ ಕತ್ತಲೆಯಲ್ಲಿ ಬಿದ್ದು ಎದ್ದು ಹೋಗಬಹುದು. ದನಿಯನ್ನಾದರೆ ಸಿಡಿಯ ಮಟ್ಟದಲ್ಲಿ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಹಾಗಾಗಿ ಪೆಟ್ಟಿನ ಗಳಿಗೆಯನ್ನು ಕಿವಿಗೆ ಬಿಟ್ಟು, ಪೆಟ್ಟಿಗೆ ಮೊದಲು ತೋಳು ಎದ್ದ ಬಗೆಯನ್ನು ಕಣ್ಣಿಗೆ ಕೇಳಬೇಕು. ಇನ್ನು ವೇಷ. ಮೈಯ ಕೀಲುಗಳನ್ನು ಗುರುತಿಸುವ ಈ ತಂತ್ರಗಳು ಕಲಿತಿರುವುದು ಬಹುಮಟ್ಟಿಗೆ ದಿನನಿತ್ಯದ ಬಟ್ಟೆಯಲ್ಲಿರುವ ಜನರ ಚಿತ್ರಗಳಿಂದ. ಸೊಂಟದ ಮುಂದಿನ ಹಲಗೆ, ಸುತ್ತಿದ ಕಾಸೆ, ಇಳಿಬಿದ್ದ ಜಡೆ ಮೈಯ ಕೀಲುಗಳನ್ನು ಮುಚ್ಚುತ್ತವೆ. ಕಾಣದ ಕೀಲನ್ನು ಯಂತ್ರ ಅಂದಾಜಿನಿಂದ ಇಡುತ್ತದೆ. ಆ ಅಂದಾಜಿನ ಮೇಲೆ ನಿಂತು ಈ ಹೆಜ್ಜೆ ಸರಿ, ಆ ಹೆಜ್ಜೆ ತಪ್ಪು ಎಂದು ಅಂಕ ಕೊಡಲು ಯಾರಾದರೂ ಹೊರಟರೆ ನಾನು ಎದ್ದು ನಿಂತು ಬೇಡ ಎನ್ನುತ್ತೇನೆ. ಊರಿಂದ ಊರಿಗೆ ಹೆಜ್ಜೆ ಬೇರೆ, ಒಂದೇ ಊರಿನಲ್ಲಿ ಅಪ್ಪನ ಹೆಜ್ಜೆ ಬೇರೆ, ಮಗನ ಹೆಜ್ಜೆ ಬೇರೆ. ಆ ಬೇರೆತನವನ್ನು ಉಳಿಸಿಕೊಡಲು ಕ್ಯಾಮೆರಾ ಬರಲಿ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಲು ಬಂದರೆ, ಮೇಳಗಳು ಮೊದಲು ಕಳೆದುಕೊಳ್ಳುವುದು ತಮ್ಮ ಊರಿನ ಗುರುತನ್ನೇ.

ಉಳಿಸಬೇಕಾದ ಅವಸರವಂತೂ ಇದೆ. ವೀರಗಾಸೆಯ ಹಿರಿಯ ಪುರವಂತರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಒಡಪುಗಳನ್ನು ಬರೆದಿಡಬಹುದು, ಬರೆದಿಟ್ಟವರೂ ಇದ್ದಾರೆ. ಒಡಪು ಹೇಳುವಾಗ ಎದೆ ಏರಿದ ಬಗೆಯನ್ನು, ಕತ್ತಿ ಎತ್ತಿದ ಕೋನವನ್ನು, ಅದಕ್ಕೆ ಸಮಾಳದವರು ಉತ್ತರಿಸಿದ ಕ್ಷಣವನ್ನು ಕಾಗದ ಹಿಡಿಯಲಾರದು. ಮೂರು ಕಡೆಯಿಂದ ಕ್ಯಾಮೆರಾ, ಒಂದೊಂದು ವಾದ್ಯಕ್ಕೆ ಒಂದೊಂದು ಮೈಕು ಇಟ್ಟು ಒಂದು ಇಡೀ ರಾತ್ರಿಯನ್ನು ದಾಖಲಿಸಿದರೆ, ಇಂದಿನ ಯಂತ್ರ ಕಾಣದ್ದನ್ನೂ ಇಪ್ಪತ್ತು ವರ್ಷದ ಮೇಲಿನ ಯಂತ್ರ ಕಂಡೀತು. ನಮ್ಮ ಲಕ್ಕವಳ್ಳಿಯ ಅಣೆಕಟ್ಟೆಯಿಂದ ಸ್ವಲ್ಪವೇ ದೂರದಲ್ಲಿ, ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡ ಅಧ್ಯಯನದ ಕನ್ನಡ ಭಾರತಿಯೂ ಇದೆ, ಕಂಪ್ಯೂಟರ್ ವಿಜ್ಞಾನದ ವಿಭಾಗವೂ ಇದೆ. ಈ ಎರಡು ವಿಭಾಗಗಳ ವಿದ್ಯಾರ್ಥಿಗಳು ಒಂದೇ ಜೀಪಿನಲ್ಲಿ ಕೂತು ಒಂದು ಕಾರ್ತಿಕದ ಜಾತ್ರೆಗೆ ಬಂದರೆ ಎಂಥ ಕೆಲಸವಾದೀತು ಎಂದು ನಾನು ಆಸೆಪಡುತ್ತೇನೆ.

ಬರುವವರು ಮೊದಲು ಕೇಳಿಕೊಂಡು ಬರಬೇಕು. ವೀರಗಾಸೆ ವೇದಿಕೆಯ ಮೇಲಿನ ಪ್ರದರ್ಶನವಾಗುವುದಕ್ಕೂ ಮೊದಲು ಒಂದು ನೇಮ. ಮೈಗೆ ಶಸ್ತ್ರ ಚುಚ್ಚಿಸಿಕೊಳ್ಳುವಂಥ ಗಳಿಗೆಗಳಲ್ಲಿ ಕ್ಯಾಮೆರಾ ಬೇಡವೆಂದರೆ ಬೇಡವೇ. ಕಾನೂನೂ ಕಲಾವಿದರ ಕಡೆಗಿದೆ ಎಂಬುದು ನಮ್ಮ ಮೇಳಗಳವರಿಗೆ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 38ನೆಯ ವಿಧಿಯ ಪ್ರಕಾರ ಪ್ರದರ್ಶನ ಕೊಟ್ಟವರಿಗೆ ಆ ಪ್ರದರ್ಶನದ ಮೇಲೆ ಐವತ್ತು ವರ್ಷಗಳ ಹಕ್ಕಿದೆ. ಆ ಕಾಯಿದೆ ಪ್ರದರ್ಶಕರೆಂದು ಎಣಿಸುವವರಲ್ಲಿ ಗಾಯಕರು, ನರ್ತಕರ ಜತೆಗೆ ದೊಂಬರಾಟದವರೂ ಹಾವಾಡಿಗರೂ ಇದ್ದಾರೆ, ಹಾಗಾಗಿ ನಮ್ಮ ಪುರವಂತರು ಹೊರಗುಳಿಯುವ ಮಾತೇ ಇಲ್ಲ. 2012ರ ತಿದ್ದುಪಡಿಯಂತೆ ತಮ್ಮ ಹೆಸರು ಹಾಕಿ ಎಂದು ಕೇಳುವ, ತಮ್ಮ ಪ್ರದರ್ಶನವನ್ನು ಹೆಸರು ಕೆಡುವಂತೆ ತಿರುಚಬೇಡಿ ಎಂದು ತಡೆಯುವ ಹಕ್ಕೂ ಅವರದು. ಒಂದು ಮೇಳದ ಕುಣಿತವನ್ನು ಯಂತ್ರಕ್ಕೆ ಉಣಿಸಿ, ನಾಳೆ ಪರದೆಯ ಮೇಲೆ ಹೆಸರಿಲ್ಲದ ಬೊಂಬೆಯೊಂದು ಅದೇ ಹೆಜ್ಜೆ ಹಾಕಿದರೆ ಅದಕ್ಕೆ ಯಾರನ್ನು ಕೇಳಿದ್ದರು, ಯಾರಿಗೆ ಎಷ್ಟು ಕೊಟ್ಟರು ಎಂಬ ಪ್ರಶ್ನೆ ಕೇಳಲೇಬೇಕಾದ ಪ್ರಶ್ನೆ. ಒಪ್ಪಿಗೆಯ ಕಾಗದ ಕನ್ನಡದಲ್ಲಿರಬೇಕು, ಅದನ್ನು ಓದಿ ಹೇಳಬೇಕು, ದಾಖಲೆಯ ಒಂದು ಪ್ರತಿ ಮೇಳದ ಮನೆಯಲ್ಲೇ ಉಳಿಯಬೇಕು.

ಈ ಸಂಚಿಕೆಯಿಂದ ನಮ್ಮ ಸೀಮೆಯ ಮೇಳಗಳ ಬಗ್ಗೆ ಒಂದು ಅಂಕಣ ಆರಂಭಿಸುತ್ತಿದ್ದೇವೆ. ಬಾರಿಸುವವರು, ಕುಣಿಯುವವರು, ಒಡಪು ಹೇಳುವವರು ತಾವೇ ಬರೆಯಲಿ. ಬರೆಯಲಾಗದಿದ್ದರೆ ಮೊಬೈಲಿನಲ್ಲಿ ಮಾತಾಡಿ ಕಳಿಸಲಿ, ಅಕ್ಷರಕ್ಕಿಳಿಸುವ ಕೆಲಸ ನಮ್ಮದು. ನಮಗೆ ಮುಖ್ಯವಾಗಿ ಬೇಕಾದದ್ದು ಇಷ್ಟು: ನಿಮ್ಮ ಮೇಳದಲ್ಲಿ ಪೆಟ್ಟು, ವರಸೆ, ಹೆಜ್ಜೆಗಳಿಗೆ ಯಾವ ಯಾವ ಹೆಸರುಗಳಿವೆ, ಅವನ್ನು ಯಾರಿಂದ ಕಲಿತಿರಿ, ಮತ್ತು ಬಾರಿಸುವಾಗ ನಿಮ್ಮ ಕಣ್ಣು ಯಾರ ಮೇಲಿರುತ್ತದೆ.