ತಿರುಮಲರಾಯನ ಕುದುರೆಗಳು

ಹಂಪೆಯ ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ ಕುದುರೆಗೊಂಬೆ ಮಂಟಪವೆಂಬುದೊಂದಿದೆ. ಅದರ ಕಂಬಗಳಲ್ಲಿ ಕುದುರೆಯೇರಿದ ಸವಾರರನ್ನು ಸಾಲಾಗಿ ಕಡೆದಿದ್ದಾರೆ. ಕಳೆದ ಬಾರಿ ನಾನಲ್ಲಿ ನಿಂತಿದ್ದಾಗ, ಪ್ರವಾಸಿಗಳ ಗುಂಪೊಂದನ್ನು ಕರೆತಂದಿದ್ದ ಮಾರ್ಗದರ್ಶಿಯು, "1565ರಲ್ಲಿ ತಾಳಿಕೋಟೆ ಯುದ್ಧ ಆಯ್ತು ನೋಡಿ, ಅಲ್ಲಿಗೆ ಸಾಮ್ರಾಜ್ಯದ ಕಥೆ ಮುಗೀತು" ಎಂದು ಹೇಳಿ, ಎಲ್ಲರನ್ನೂ ಮುಂದಕ್ಕೆ ನಡೆಸಿಕೊಂಡು ಹೋದನು. ಅವನನ್ನು ಆಕ್ಷೇಪಿಸಲು ನನಗೆ ಬಾಯಿ ಬರಲಿಲ್ಲ. ಶಾಲೆಯಲ್ಲಿ ನಾನು ಕಲಿತುದೂ, ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದುದೂ ಅದೇ ವಾಕ್ಯವನ್ನಲ್ಲವೆ?

ಆದರೆ ಆ ಯುದ್ಧವಾಗಿ ಎರಡು ವರ್ಷ ಕಳೆದ ಮೇಲೆ, 1567ರಲ್ಲಿ, ಇದೇ ಪಟ್ಟಣಕ್ಕೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಬರೆದಿಟ್ಟ ವೃತ್ತಾಂತವು ಬೇರೊಂದು ಚಿತ್ರವನ್ನು ನಮ್ಮ ಮುಂದಿಡುತ್ತದೆ. ರಣದಲ್ಲಿ ಮಡಿದ ಅಳಿಯ ರಾಮರಾಯನ ತಮ್ಮನಾದ ತಿರುಮಲರಾಯನು ಸೂರೆಹೋದ ಊರಿಗೆ ಮರಳಿ ಬಂದು, ಅಲ್ಲಿ ಮತ್ತೆ ಜನರನ್ನು ನೆಲೆಗೊಳಿಸಲು ಹೆಣಗುತ್ತಿದ್ದನಂತೆ. ಕುದುರೆಗಳನ್ನು ತಂದುಕೊಟ್ಟವರಿಗೆ, ಅವು ಯುದ್ಧದಲ್ಲಿ ಕಳೆದುಹೋದ ಅರಮನೆಯ ಮುದ್ರೆಯುಳ್ಳವೇ ಆಗಿದ್ದರೂ, ಬೆಲೆ ಕೊಡುವೆನೆಂದು ವರ್ತಕರಿಗೆ ಹೇಳಿ ಕಳುಹಿಸಿದನಂತೆ. ಕುದುರೆಗಳೇನೋ ಬಂದುವು, ಹಣ ಮಾತ್ರ ವರ್ತಕರ ಕೈಸೇರಲಿಲ್ಲ. ಆ ವಂಚನೆಯ ಮಾತು ಹಾಗಿರಲಿ. ತನ್ನ ರಾಜ್ಯದ ಕಥೆ ಮುಗಿಯಿತೆಂದು ಬಲ್ಲವನು ಕುದುರೆ ಕೂಡಿಸಲು ಹೊರಡುವನೆ?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮಲ್ಲೊಂದು ಗಾದೆಯುಂಟು. ಕಾಲ ಮಿಂಚಿದ ಮೇಲೆ ಎಚ್ಚೆತ್ತವರನ್ನು ಕುರಿತು ನಗೆಯಾಡಲು ಹುಟ್ಟಿದ ಆ ಮಾತು ಚರಿತ್ರೆಯನ್ನೋದುವ ನಮಗೂ ಸಲ್ಲುತ್ತದೆ. ಏಕೆಂದರೆ ಕೊಳ್ಳೆಯ ಸುದ್ದಿಯನ್ನು ಮೊದಲೇ ತಿಳಿದುಕೊಂಡು ಬಂದ ನಾವು, ಬಾಗಿಲು ತೆರೆದಿಟ್ಟವರ ಅವಿವೇಕವನ್ನು ಎಣಿಸುತ್ತ ಕುಳಿತುಕೊಳ್ಳುತ್ತೇವೆ. ಮನಸ್ಸಿನ ಈ ದೌರ್ಬಲ್ಯವನ್ನು 1975ರಲ್ಲಿ ಬಾರೂಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞನು ಪರೀಕ್ಷೆಗೊಡ್ಡಿದನು. 1814ರಲ್ಲಿ ಆಂಗ್ಲರಿಗೂ ಗೂರ್ಖರಿಗೂ ನಡೆದ ಕಾಳಗದ ವಿವರವನ್ನು ಹಲವರಿಗೆ ಓದಲು ಕೊಟ್ಟು, ಕೆಲವರಿಗೆ ಆಂಗ್ಲರು ಗೆದ್ದರೆಂದೂ, ಕೆಲವರಿಗೆ ಗೂರ್ಖರು ಗೆದ್ದರೆಂದೂ, ಮತ್ತೆ ಕೆಲವರಿಗೆ ಯಾರೂ ಗೆಲ್ಲಲಿಲ್ಲವೆಂದೂ ಹೇಳಿದಾಗ, ಯಾರಿಗೆ ಯಾವ ಫಲಿತಾಂಶ ತಿಳಿಸಲ್ಪಟ್ಟಿತ್ತೋ ಅದೇ ಹೆಚ್ಚು ಸಂಭವನೀಯವಾಗಿತ್ತೆಂದು ಅವರಿಗೆ ತೋರಿತು. ಓದಿದುದು ಒಂದೇ ವೃತ್ತಾಂತ; ಕೊನೆಯ ಸಾಲು ಬದಲಾದೊಡನೆ ಹಿಂದಿನ ಸಾಲುಗಳೆಲ್ಲ ಅದಕ್ಕೆ ಸಾಕ್ಷಿ ನುಡಿಯತೊಡಗಿದುವು.

ತಾಳಿಕೋಟೆಯ, ಅಂದರೆ ರಕ್ಕಸ-ತಂಗಡಿಯ, ಯುದ್ಧದ ವಿಷಯದಲ್ಲಿ ನಾವು ಮಾಡಿರುವುದೂ ಇದನ್ನೇ. ರಾಮರಾಯನು ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ತನ್ನ ವಿನಾಶವನ್ನು ತಾನೇ ತಂದುಕೊಂಡನೆಂದು ಸಲೀಸಾಗಿ ತೀರ್ಪು ಕೊಡುತ್ತೇವೆ. ಆದರೆ ಎರಡು ದಶಕಗಳ ಕಾಲ ಆ ನೀತಿಯೇ ಫಲಿಸಿತ್ತೆಂಬುದನ್ನು ಮರೆಯಲಾಗದು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದನು. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗನು ತೀರಿಕೊಂಡಾಗ ತಾನೇ ಬಂದು ಸಂತೈಸಿದನೆಂದೂ, ರಾಮರಾಯನ ಮಡದಿ ಅವನನ್ನು ಮಗನಂತೆ ಭಾವಿಸಿದಳೆಂದೂ ಚರಿತ್ರಕಾರ ಫೆರಿಷ್ತಾ ಬರೆಯುತ್ತಾನೆ. ದುಃಖದಲ್ಲಿ ಮನೆಗೆ ಬಂದವನು ಮುಂದೊಂದು ದಿನ ದಂಡೆತ್ತಿ ಬರುವನೆಂದು ಊಹಿಸದಿದ್ದುದನ್ನು ಮೂಢತನವೆಂದು ಕರೆಯಲು ನಾಲ್ಕು ಶತಮಾನಗಳಾಚೆ ಕುಳಿತವರಿಗೆ ಮಾತ್ರ ಧೈರ್ಯ ಬಂದೀತು.

ಇನ್ನು 'ಮುಗಿಯಿತು' ಎಂಬ ಮಾತಿನ ವಿಚಾರ. ಹಾಳಾದ ರಾಜಧಾನಿ ಚೇತರಿಸಿಕೊಳ್ಳಲಿಲ್ಲವೆಂಬುದೂ, ತಿರುಮಲರಾಯನು ಪೆನುಕೊಂಡೆಗೆ ಹೊರಟುಹೋಗಬೇಕಾಯಿತೆಂಬುದೂ ನಿಜ. ಪೆಟ್ಟು ಸಣ್ಣದೆಂದು ಯಾರೂ ವಾದಿಸಲಾರರು. ಆದರೂ 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಕಸಿದುಕೊಂಡ ಮೈಸೂರಿನ ರಾಜ ಒಡೆಯರು, ಅದನ್ನು ಸಮ್ಮತಿಸಿ ವಿಜಯನಗರದ ದೊರೆ ವೇಂಕಟಪತಿರಾಯನು ಕೊಟ್ಟ ಶಾಸನವನ್ನು 1612ರಲ್ಲಿ ಪಡೆದರು. ಖಡ್ಗದಿಂದ ಗೆದ್ದವರಿಗೂ ಬೇಕೆನಿಸಿದ ಆ ಮುದ್ರೆ, ನಮ್ಮ ಪಠ್ಯಪುಸ್ತಕದ ಲೆಕ್ಕದಲ್ಲಿ, ಸತ್ತು 47 ವರ್ಷಗಳಾಗಿದ್ದ ಸಾಮ್ರಾಜ್ಯದ್ದು!

ಇದಕ್ಕಿಂತ ವಿಸ್ಮಯಕರವಾದುದು 1639ರ ಸಂಗತಿ. ಆ ಹೊತ್ತಿಗೆ, ಗೆದ್ದ ನಾಲ್ಕು ಸುಲ್ತಾನರ ರಾಜ್ಯಗಳಲ್ಲಿ ಬೀದರ್ ಬಿಜಾಪುರದಲ್ಲಿಯೂ, ಅಹಮದ್‌ನಗರ ಮೊಗಲರಲ್ಲಿಯೂ ಲೀನವಾಗಿದ್ದುವು. ಸೋತ ರಾಜ್ಯದ ಹೆಸರು ಮಾತ್ರ ಇನ್ನೂ ಉಳಿದಿತ್ತು. ಅದರ ಅರವೀಡು ವಂಶದ ದೊರೆಗೆ ಅಧೀನನಾಗಿದ್ದ ದಾಮರ್ಲ ವಂಶದ ನಾಯಕನೊಬ್ಬನು, ಅಗ್ಗದ ಹತ್ತಿಬಟ್ಟೆಯನ್ನರಸಿ ಬಂದ ಈಸ್ಟ್ ಇಂಡಿಯಾ ಕಂಪನಿಯ ನೌಕರ ಫ್ರಾನ್ಸಿಸ್ ಡೇ ಎಂಬವನಿಗೆ, ಕೋರಮಂಡಲ ತೀರದಲ್ಲಿ ಒಂದು ಪಟ್ಟಿ ಮರಳು ನೆಲವನ್ನು ಬರೆದುಕೊಟ್ಟನು. ಅಲ್ಲಿ ಎದ್ದ ಕೋಟೆಯ ವೆಚ್ಚವನ್ನು ಕಂಡು ಕಂಪನಿಯ ಹಿರಿಯರೇ ಹುಬ್ಬು ಗಂಟಿಕ್ಕಿದರು. ಆ ಮರಳು ನೆಲವೇ ಮದರಾಸು. ಆ ಕೋಟೆಯೇ ಸೇಂಟ್ ಜಾರ್ಜ್ ಕೋಟೆ. ಸಾವಿರಾರು ಯೋಧರು ಮಡಿದ ರಣರಂಗವನ್ನು ಅಂದಿನವರು ಕೊನೆಯೆಂದು ಬಗೆಯಲಿಲ್ಲ. ಯಾರೂ ಮಡಿಯದ ಈ ಕಾಗದದಲ್ಲಿ ಒಂದು ಯುಗದ ಮೊದಲಿದೆಯೆಂದೂ ಅಂದಿನವರು ಅರಿಯಲಿಲ್ಲ.

ಹಾಗಾದರೆ ಹಿನ್ನೋಟವನ್ನೇ ತೊರೆಯಬೇಕೆ, ಎಂದು ಕೇಳಬಹುದು. ತೊರೆಯಲಾಗದು, ಮದರಾಸಿನ ಆ ಪತ್ರಕ್ಕೆ ಬೆಲೆಯುಂಟೆಂದು ನಮಗೆ ತಿಳಿದುದೇ ಹಿನ್ನೋಟದಿಂದ. ಪರಿಣಾಮಗಳನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಕೋಲು ಮನುಷ್ಯನಿಗೆ ದೊರೆತಿಲ್ಲ. ಆದರೆ ಅದೇ ಕೋಲಿನಿಂದ ಮನುಷ್ಯರ ವಿವೇಕವನ್ನೂ ಅಳೆಯಹೊರಟಾಗ ಅನ್ಯಾಯವಾಗುತ್ತದೆ. ಘಟನೆಯಿಂದ ಏನಾಯಿತೆಂಬುದು ಒಂದು ಲೆಕ್ಕ. ಘಟನೆಯ ನಡುವೆ ನಿಂತವರಿಗೆ ಏನು ಕಾಣುತ್ತಿತ್ತೆಂಬುದು ಇನ್ನೊಂದು. ಒಳ್ಳೆಯ ಶಾನುಭೋಗನು ಜಮೆಯನ್ನೂ ಖರ್ಚನ್ನೂ ಒಂದೇ ಕಲಮಿನಲ್ಲಿ ಬರೆಯನು.

ಇಂದಿನ ಪತ್ರಿಕೆಗಳಲ್ಲಿ ವಾರಕ್ಕೆ ನಾಲ್ಕು ಸಂಗತಿಗಳು 'ಐತಿಹಾಸಿಕ'ವೆನಿಸಿಕೊಳ್ಳುತ್ತವೆ. ಅವುಗಳಲ್ಲಿ ಯಾವುದು ನಿಲ್ಲುವುದೋ, ಯಾವ ಉಪನೋಂದಣಿ ಕಚೇರಿಯ ಯಾವ ಕಾಗದ ನಮ್ಮ ಮೊಮ್ಮಕ್ಕಳ ಪಾಠವಾಗುವುದೋ ಹೇಳಬಲ್ಲವರಾರು? ಆದುದರಿಂದ ಪಠ್ಯಪುಸ್ತಕ ರಚಿಸುವವರಲ್ಲಿ ನನ್ನದೊಂದು ಸಣ್ಣ ಬಿನ್ನಹವುಂಟು. 1565ರ ವಾಕ್ಯ ಇದ್ದಲ್ಲಿಯೇ ಇರಲಿ, ಅದರ ಕೆಳಗೆ ಇನ್ನೊಂದು ವಾಕ್ಯ ಸೇರಲಿ: "ಎರಡು ವರ್ಷಗಳ ಮೇಲೆ ತಿರುಮಲರಾಯನು ಹಂಪೆಗೆ ಬಂದು ಕುದುರೆಗಳನ್ನು ಕೊಳ್ಳಲು ಯತ್ನಿಸಿದನು." ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಬೇಕಾದುದಿಲ್ಲ.