ಚಿಲ್ಲರೆ ಪಾತ್ರವೆಂಬ ಮಾತು

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ನಾಲ್ಕಾರು ಮಂದಿ ಮಿತ್ರರು ಕುಳಿತು ಅಮೆರಿಕಾದ ಹಳೆಯ ಚಲಚ್ಚಿತ್ರಗಳ ವಿಷಯವಾಗಿ ಮಾತನಾಡುತ್ತಿರಲು, ನಾನು ಬೆಸ್ ಫ್ಲವರ್ಸ್ ಎಂಬ ನಟಿಯ ಹೆಸರನ್ನೆತ್ತಿದೆನು. ಆಕೆ ಯಾರೆಂದು ಒಬ್ಬರು ಕೇಳಿದರು. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಹಾಲಿವುಡ್ಡಿನ ಚಿತ್ರಗಳಲ್ಲಿ ಸಣ್ಣ ಪಾತ್ರಗಳನ್ನು ವಹಿಸಿದವಳೆಂದು ಹೇಳಿದೆನು. ಆಗ ಮತ್ತೊಬ್ಬ ಮಿತ್ರರು, ಬಹಳ ಓದಿದವರು, ಮುಗುಳುನಕ್ಕು, "ಅದು ಚಿಲ್ಲರೆ ಪಾತ್ರದವರ ಕಥೆ. ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತು, ಅಷ್ಟೆ. ಅದರಲ್ಲಿ ಬರೆಯತಕ್ಕದ್ದೇನಿದೆ?" ಎಂದರು. ಉಳಿದವರೂ ನಕ್ಕರು. ಅಂದು ನಾನು ಉತ್ತರ ಕೊಡಲಿಲ್ಲ. ಕೊಡದೆ ಇದ್ದುದು ತಪ್ಪೆಂದು ಮನೆಗೆ ಬಂದ ಮೇಲೆ ತೋರಿತು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಮೊದಲು ಸಂಗತಿಯನ್ನು ತಿಳಿಸುವೆನು. ಬೆಸ್ ಫ್ಲವರ್ಸ್ ಅಮೆರಿಕಾದ ಟೆಕ್ಸಾಸ್ ಸಂಸ್ಥಾನದ ಷರ್ಮನ್ ಎಂಬ ಊರಿನಲ್ಲಿ 1898ರಲ್ಲಿ ಹುಟ್ಟಿದಳು. ಮೂಕಚಿತ್ರಗಳ ಕಾಲದಲ್ಲಿ, 1923ರಲ್ಲಿ, ಚಿತ್ರರಂಗಕ್ಕೆ ಬಂದಳು. ಆಕೆಯ ಕೊನೆಯ ಚಿತ್ರ 1964ರದು. ಈ ಮಧ್ಯೆ ಆಕೆ ಕಾಣಿಸಿಕೊಂಡ ಚಿತ್ರಗಳು 800ಕ್ಕೂ ಹೆಚ್ಚು. ಅಮೆರಿಕಾದ ಚಲಚ್ಚಿತ್ರ ಅಕಾಡೆಮಿಯು ವರ್ಷದ ಶ್ರೇಷ್ಠ ಚಿತ್ರವೆಂದು ಆರಿಸಿದವುಗಳ ಪೈಕಿ ಐದರಲ್ಲಿ ಆಕೆಯಿದ್ದಾಳೆ: 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್', 1938ರ 'ಯೂ ಕಾಂಟ್ ಟೇಕ್ ಇಟ್ ವಿತ್ ಯೂ', 1950ರ 'ಆಲ್ ಅಬೌಟ್ ಈವ್', 1952ರ 'ದಿ ಗ್ರೇಟೆಸ್ಟ್ ಷೋ ಆನ್ ಅರ್ತ್', 1956ರ 'ಅರೌಂಡ್ ದಿ ವರ್ಲ್ಡ್ ಇನ್ ಎಯ್ಟಿ ಡೇಸ್'. ಈ ಐದರಲ್ಲಿ ಒಂದರ ನಾಮಾವಳಿಯಲ್ಲಿಯಾದರೂ ಆಕೆಯ ಹೆಸರಿಲ್ಲ. ಔತಣಕ್ಕೆ ಬಂದ ಗೃಹಿಣಿ, ನೃತ್ಯಶಾಲೆಯಲ್ಲಿ ಹಾದುಹೋಗುವ ಸ್ತ್ರೀ, ನ್ಯಾಯಸ್ಥಾನದಲ್ಲಿ ಕುಳಿತ ಪ್ರೇಕ್ಷಕಿ, ನಾಟಕಗೃಹದ ಮೊಗಸಾಲೆಯಲ್ಲಿ ನಿಂತವಳು, ಇವೇ ಆಕೆಯ ಪಾತ್ರಗಳು. ಆಕೆ 1984ರಲ್ಲಿ, ತನ್ನ 85ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಳು.

ಇಂತಹ ಬಾಳು ಸೋಲಿನ ಬಾಳೆಂಬುದು ನಮ್ಮ ಮಿತ್ರರ ಮೊದಲನೆಯ ಆಕ್ಷೇಪಣೆ. ತಾರೆಯಾಗಬೇಕೆಂದು ಬಂದಳು, ಆಗಲಿಲ್ಲ, ಆದಕಾರಣ ಸೋತಳು. ಈ ತರ್ಕದಲ್ಲಿ ಒಂದು ಮೆಟ್ಟಿಲು ಕಾಣೆಯಾಗಿದೆ. ಆಕೆ ತಾರೆಯಾಗಲೆಂದೇ ನಲವತ್ತೊಂದು ವರ್ಷ ದುಡಿದಳೆಂದು ನಮಗೆ ಹೇಳಿದವರಾರು? ಚಿತ್ರರಂಗಕ್ಕೆ ಬಂದವರೆಲ್ಲರೂ ಶಿಖರಕ್ಕೇ ಕಣ್ಣಿಟ್ಟವರೆಂದು ನಾವೇ ಭಾವಿಸಿ, ನಾವೇ ಅಳೆದು, ನಾವೇ ಸೋಲಿನ ತೀರ್ಪು ಕೊಡುತ್ತೇವೆ. ಒಂದು ವೃತ್ತಿಯಲ್ಲಿ ಗೆಲುವೆಂದರೇನು? ನಿನ್ನೆ ಕರೆದವರು ನಾಳೆಯೂ ಕರೆಯುವುದೇ ಅಲ್ಲವೆ? ಹಾಲಿವುಡ್ಡಿನಲ್ಲಿ ಗುಂಪಿನ ಪಾತ್ರಗಳಿಗೆ ಜನರನ್ನು ಒದಗಿಸುವುದಕ್ಕಾಗಿ 1925ರಲ್ಲಿ ನಿರ್ಮಾಪಕರೇ ಸೆಂಟ್ರಲ್ ಕಾಸ್ಟಿಂಗ್ ಎಂಬ ಕಚೇರಿಯನ್ನು ಸ್ಥಾಪಿಸಿದರು. ಅದಕ್ಕೆ ಮುಂಚೆ ಕೆಲಸ ಬೇಕಾದವರು ಬೆಳಗಾದೊಡನೆ ಒಂದು ಸ್ಟುಡಿಯೋದ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಅಲೆಯಬೇಕಾಗಿದ್ದಿತು. ಇಲ್ಲವೆ ಗಳಿಸಿದ ಕೂಲಿಯಲ್ಲಿ ದಲ್ಲಾಳಿಗೆ ಪಾಲು ತೆರಬೇಕಾಗಿದ್ದಿತು. ಕಚೇರಿ ಬಂದ ಬಳಿಕ ಅಲೆದಾಟ ತಪ್ಪಿತು, ಹಸಿವು ತಪ್ಪಲಿಲ್ಲ. ಸಾವಿರಾರು ಮಂದಿ ಹೆಸರು ಬರೆಯಿಸಿ, ಪ್ರತಿದಿನವೂ ದೂರವಾಣಿಯಲ್ಲಿ ವಿಚಾರಿಸಿ, ಕೆಲಸವಿಲ್ಲವೆಂಬ ಎರಡಕ್ಷರದ ಉತ್ತರವನ್ನು ಕೇಳಿ ಸುಮ್ಮನಾಗುತ್ತಿದ್ದರು. ಅಂತಹ ಬಾಗಿಲಿನೊಳಗೆ 800ಕ್ಕೂ ಹೆಚ್ಚು ಸಲ ಕರೆಸಿಕೊಂಡವಳನ್ನು ಸೋತವಳೆನ್ನುವುದು ಯಾವ ಅಳತೆಗೋಲಿನಿಂದ?

ಎರಡನೆಯ ಆಕ್ಷೇಪಣೆಯು ಇನ್ನೂ ಹರಿತವಾದುದು. ಸುಮ್ಮನೆ ನಿಲ್ಲುವುದೂ ನಡೆಯುವುದೂ ಯಾರಿಗೆ ಬಾರದು? ಅದೂ ಒಂದು ಕಲೆಯೆ? ಹೀಗೆ ಕೇಳತಕ್ಕವರು ಒಂದು ಔತಣದ ದೃಶ್ಯವನ್ನು ಚಿತ್ರಿಸುವ ಕ್ರಮವನ್ನು ಸ್ವಲ್ಪ ಯೋಚಿಸಬೇಕು. ವಾಕ್ಚಿತ್ರದಲ್ಲಿ ನಾಯಕ ನಾಯಿಕೆಯರ ಮಾತು ಶುದ್ಧವಾಗಿ ಕೇಳಿಸಬೇಕು. ಆದಕಾರಣ ಸುತ್ತಲಿರುವ ನೂರು ಮಂದಿ ಅತಿಥಿಗಳು ಧ್ವನಿಯಿಲ್ಲದೆ ಮಾತನಾಡಬೇಕು; ಸದ್ದಿಲ್ಲದೆ ನಗಬೇಕು; ವಾದ್ಯ ನಿಂತಿದ್ದರೂ ಅದು ನುಡಿಯುತ್ತಿದೆಯೆಂಬಂತೆ ತಾಳ ತಪ್ಪದೆ ನರ್ತಿಸಬೇಕು. ಯಾರೊಬ್ಬರ ದೃಷ್ಟಿಯಾದರೂ ಯಂತ್ರದ ಕಡೆಗೆ ಹೊರಳಿದರೆ ಅಷ್ಟು ಹೊತ್ತಿನ ಶ್ರಮವೆಲ್ಲ ವ್ಯರ್ಥ. ಅದೇ ದೃಶ್ಯವನ್ನು ಹತ್ತು ಸಲ ತೆಗೆದರೆ, ಹತ್ತನೆಯ ಸಲವೂ ಮೊದಲನೆಯ ಸಲದಂತೆಯೇ ಅದೇ ಗಳಿಗೆಗೆ ಲೋಟವನ್ನೆತ್ತಿ ಅದೇ ಕಡೆಗೆ ತಿರುಗಬೇಕು. ಕಣ್ಣಿಗೆ ಬೀಳಬೇಕು, ಆದರೆ ಕಣ್ಣನ್ನು ಸೆಳೆಯಕೂಡದು. ಇದು ಯಾರಿಗೂ ಬರುವ ವಿದ್ಯೆಯೆನ್ನುವವರು ಒಂದು ಸಲ ಛಾಯಾಗ್ರಾಹಕನ ಮುಂದೆ ಸಹಜವಾಗಿ ನಿಂತು ತೋರಿಸಲಿ!

ಮತ್ತೊಂದು ವಿಷಯವುಂಟು. ಗುಂಪಿನ ಪಾತ್ರಧಾರಿಗಳಲ್ಲಿ ಉತ್ತಮ ಉಡುಪಿನವರದೇ ಒಂದು ವರ್ಗವಾಗಿದ್ದಿತು. ಸಂಜೆಯ ಔತಣದ ನಿಲುವಂಗಿ, ತುಪ್ಪುಳಿನ ಮೇಲಂಗಿ, ಕೈಗವಸು, ಟೋಪಿಗಳನ್ನು ಅವರು ತಮ್ಮ ಹಣದಿಂದಲೇ ಕೊಂಡು ತರಬೇಕು. ಅದಕ್ಕಾಗಿಯೇ ಅವರಿಗೆ ದಿನದ ಕೂಲಿ ತುಸು ಹೆಚ್ಚು. ಬೆಸ್ ಫ್ಲವರ್ಸ್ ಈ ವರ್ಗದಲ್ಲಿ ಅಗ್ರಗಣ್ಯಳೆನಿಸಿಕೊಂಡಳು. ಎತ್ತರದ ನಿಲುವು, ಗಂಭೀರವಾದ ನಡೆ, ಸಮಯಕ್ಕೆ ತಕ್ಕ ಉಡುಪು, ಇವನ್ನು ನಂಬಿ ನಿರ್ದೇಶಕರು ಆಕೆಯನ್ನು ಮತ್ತೆ ಮತ್ತೆ ಕರೆಸಿದರು. ಕೋಟ್ಯಧೀಶರ ಮನೆಯೆಂದು ನಾವು ನಂಬಿದ ಆ ಸಭಾಂಗಣವು ಹಲಗೆಯಿಂದಲೂ ಸುಣ್ಣದಿಂದಲೂ ಕಟ್ಟಿದ ಗೋಡೆಗಳುಳ್ಳದ್ದು. ಅದಕ್ಕೆ ಸಿರಿವಂತಿಕೆಯನ್ನು ತಂದುಕೊಟ್ಟದ್ದು ದಿನಗೂಲಿಯ ಹೆಂಗಸು ತನ್ನ ಪೆಟ್ಟಿಗೆಯಿಂದ ತೆಗೆದು ಉಟ್ಟ ಬಟ್ಟೆ. ಹೀಗಿರುವಲ್ಲಿ ಯಾರು ಯಾರ ಸಂಗಡ ಸ್ವರ್ಗಕ್ಕೆ ಹೋದರೆಂಬುದನ್ನು ನಮ್ಮ ಮಿತ್ರರು ಮತ್ತೊಮ್ಮೆ ಆಲೋಚಿಸಬೇಕು. ಆಕೆಯ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ಹೂಗಳೆಂದೇ ಅರ್ಥ. ಆದರೆ ಆಕೆಯನ್ನು ನಾರೆಂದೇ ಒಪ್ಪಿಕೊಳ್ಳೋಣ. ನಾರಿಲ್ಲದೆ ಮಾಲೆ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಆಕೆಯನ್ನು ಹೊಗಳತಕ್ಕವರೂ ಇದ್ದಾರೆ. ಅವರೊಡನೆಯೂ ನನ್ನದೊಂದು ಜಗಳವಿದೆ. ಹಳೆಯ ಚಿತ್ರಗಳನ್ನು ನೋಡುವಾಗ, ಇಗೋ ಇಲ್ಲಿದ್ದಾಳೆ, ಅಗೋ ಅಲ್ಲಿದ್ದಾಳೆ ಎಂದು ಆಕೆಯನ್ನು ಪತ್ತೆಮಾಡುವುದು ಕೆಲವು ರಸಿಕರಿಗೆ ಒಂದು ವಿನೋದ. ಅವರಿಂದಲೇ ಆಕೆಯ ಹೆಸರು ಉಳಿಯಿತೆಂಬುದನ್ನು ನಾನು ಕೃತಜ್ಞತೆಯಿಂದ ಒಪ್ಪುವೆನು. ಆದರೆ ಎಣಿಕೆಯೇ ಗೌರವವಲ್ಲ. 800 ಚಿತ್ರಗಳೆಂದು ಬೆರಗಾಗಿ, ಆ 800 ದುಡಿಮೆಗಳ ಹಿಂದಿದ್ದ ಕೂಲಿಯೆಷ್ಟು, ಹಕ್ಕೇನು, ಕೆಲಸವಿಲ್ಲದ ದಿನದ ಗತಿಯೇನು ಎಂದು ಕೇಳದೆ ಇರುವುದು ಅರ್ಧ ಗೌರವ. ಆ ಪ್ರಶ್ನೆಗಳನ್ನು ಬೆಸ್ ಫ್ಲವರ್ಸ್ ತಾನೇ ಕೇಳಿದವಳು. ನಟರ ಸಂಘವು 1933ರಲ್ಲಿ ಸ್ಥಾಪಿತವಾಗಿದ್ದರೂ ಅದರಲ್ಲಿ ಗುಂಪಿನ ಪಾತ್ರಧಾರಿಗಳಿಗೆ ಸಮಾನವಾದ ಸ್ಥಾನವಿರಲಿಲ್ಲ. 1945ರಲ್ಲಿ ಗುಂಪಿನ ಪಾತ್ರಧಾರಿಗಳದೇ ಒಂದು ಪ್ರತ್ಯೇಕ ಸಂಘವು ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಆಕೆಯೂ ಒಬ್ಬಳು; ಅದರ ಮೊದಲ ಉಪಾಧ್ಯಕ್ಷರಲ್ಲಿಯೂ ಕಾರ್ಯದರ್ಶಿಗಳಲ್ಲಿಯೂ ಆಕೆಯ ಹೆಸರುಂಟು. ಆ ಸಂಘವು 1992ರವರೆಗೆ ಬಾಳಿ, ಬಳಿಕ ಅದರ ಕಾರ್ಯವು ನಟರ ಸಂಘಕ್ಕೆ ಸೇರಿತು. ತೆರೆಯ ಮೇಲೆ ಧ್ವನಿಯಿಲ್ಲದೆ ತುಟಿಯಾಡಿಸಿದವಳು ತೆರೆಯ ಹೊರಗೆ ಗಟ್ಟಿಯಾಗಿ ಮಾತನಾಡಿದಳು. ಆಕೆಯನ್ನು ಹೊಗಳಬೇಕಾದರೆ ಇದಕ್ಕಾಗಿಯೂ ಹೊಗಳಬೇಕು.

ನನ್ನ ಪಕ್ಷಕ್ಕೆ ವಿರೋಧವಾದ ಒಂದು ಮಾತನ್ನು ನಾನೇ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಬೆಸ್ ಫ್ಲವರ್ಸ್ ಅತಿಥಿಯಾಗಿ ಹೊಕ್ಕ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದೇ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ 1906ರಲ್ಲಿ ಥೆರೇಸಾ ಹ್ಯಾರಿಸ್ ಎಂಬವಳು ಹುಟ್ಟಿದಳು. ಹಾಡಬಲ್ಲವಳು, ಕುಣಿಯಬಲ್ಲವಳು, ಚೆಲುವೆ. ಆದರೆ ಆಕೆ ಕಪ್ಪು ವರ್ಣದವಳು. ಆದಕಾರಣ ಅದೇ ಔತಣಗಳಲ್ಲಿ ಆಕೆಯ ಕೈಗೆ ತಟ್ಟೆಯನ್ನು ಕೊಟ್ಟರು. 1933ರ 'ಬೇಬಿ ಫೇಸ್' ಚಿತ್ರದಲ್ಲಿ ನಾಯಿಕೆ ಬಾರ್ಬರಾ ಸ್ಟ್ಯಾನ್ವಿಕ್ಕಳ ಸಂಗಾತಿಯಾಗಿ ಆಕೆ ತೋರಿದ ಅಭಿನಯವನ್ನು ಕಂಡವರು ಮರೆಯಲಾರರು. ಆದರೂ ಹೆಚ್ಚಿನ ಚಿತ್ರಗಳಲ್ಲಿ ಆಕೆಗೆ ದೊರೆತದ್ದು ಸೇವಕಿಯ ಪಾತ್ರವೇ. ಕಪ್ಪು ವರ್ಣದ ಪಾತ್ರಧಾರಿಗಳನ್ನೇ ಇಟ್ಟುಕೊಂಡು ತಯಾರಾದ 1937ರ 'ಬಾರ್ಗೆನ್ ವಿತ್ ಬುಲೆಟ್ಸ್' ಚಿತ್ರದಲ್ಲಿ ಮಾತ್ರ ಆಕೆಗೆ ಮುಖ್ಯ ಪಾತ್ರ ಸಿಕ್ಕಿತು. ಹ್ಯಾಟಿ ಮೆಕ್‌ಡೇನಿಯಲ್ಲಳ ಕಥೆಯನ್ನು ಅನೇಕರು ಬಲ್ಲರು. 1940ರಲ್ಲಿ ಅಕಾಡೆಮಿಯ ಪಾರಿತೋಷಕವನ್ನು ಪಡೆದ ರಾತ್ರಿಯೇ, ಆ ಭೋಜನಶಾಲೆಯಲ್ಲಿ ಸಹನಟರಿಂದ ದೂರವಾಗಿ ಗೋಡೆಯ ಬದಿಯ ಮೇಜಿನಲ್ಲಿ ಆಕೆಯನ್ನು ಕೂರಿಸಿದ್ದರು. ಪಾರಿತೋಷಕ ಪಡೆದವಳ ಗತಿಯೇ ಹೀಗಾದರೆ, ಹೆಸರಿಲ್ಲದವರ ಗತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಆದರೆ ಇದರಿಂದ ನನ್ನ ವಾದಕ್ಕೆ ಬಲವೇ ಹೆಚ್ಚುತ್ತದೆ. ಪಾತ್ರದ ಉದ್ದವೇ ಯೋಗ್ಯತೆಯ ಅಳತೆಯೆನ್ನುವವರು, ಆ ಉದ್ದವನ್ನು ಕತ್ತರಿಸಿದ ಕೈಗಳನ್ನು ನೋಡದೆ, ಕತ್ತರಿಸಲ್ಪಟ್ಟವರನ್ನೇ ಗಿಡ್ಡರೆಂದು ಹಳಿಯುತ್ತಾರೆ.

ಇದೆಲ್ಲ ಹಳೆಯ ಕಥೆ, ಈಗೇಕೆ ಎಂದು ಕೇಳುವವರಿಗೆ ಈಚಿನ ಸಂಗತಿಯೊಂದನ್ನು ಹೇಳುವೆನು. 2023ನೆಯ ಜುಲೈ 14ರಿಂದ ನವೆಂಬರ್ 9ರವರೆಗೆ, 118 ದಿನಗಳ ಕಾಲ, ಅಮೆರಿಕಾದ ನಟರು ಮುಷ್ಕರ ಹೂಡಿದ್ದರು. ಆಗಿನ ವಿವಾದಗಳಲ್ಲಿ ಗುಂಪಿನ ಪಾತ್ರಧಾರಿಗಳ ವಿಷಯವೂ ಒಂದು. ಅವರ ಮುಖವನ್ನೂ ಮೈಯನ್ನೂ ಒಮ್ಮೆ ಯಂತ್ರದಿಂದ ಅಚ್ಚೆತ್ತಿಕೊಂಡು, ಒಂದು ದಿನದ ಕೂಲಿ ಕೊಟ್ಟು, ಆ ಪ್ರತಿರೂಪವನ್ನು ಮುಂದೆ ಬೇಕಾದಂತೆ ಬಳಸಿಕೊಳ್ಳಲು ನಿರ್ಮಾಪಕರು ಬಯಸಿದರೆಂದು ಸಂಘವು ದೂರಿತು. ತಾವು ಹೇಳಿದ್ದು ಹಾಗಲ್ಲವೆಂದು ನಿರ್ಮಾಪಕರು ನಿರಾಕರಿಸಿದರು. ಕೊನೆಗೆ ಆದ ಒಪ್ಪಂದದಲ್ಲಿ, ಅಂತಹ ಪ್ರತಿರೂಪಕ್ಕೆ ಪಾತ್ರಧಾರಿಯ ಒಪ್ಪಿಗೆ ಬೇಕೆಂಬ ನಿಬಂಧನೆಗಳು ಸೇರಿದವು. ಯಾರದು ಸತ್ಯವೆಂಬ ವಿಚಾರಣೆ ನನ್ನ ಕೆಲಸವಲ್ಲ. ನನ್ನ ಪ್ರಶ್ನೆಯು ನಮ್ಮ ಮಿತ್ರರಿಗೆ. ಸುಮ್ಮನೆ ನಿಲ್ಲುವುದು ಯಾರಿಗೆ ಬಾರದು ಎಂದು ನೀವು ಹೇಳಿದ ಮೇಲೆ, ಯಾರೂ ನಿಲ್ಲದೆಯೇ ಆ ಕೆಲಸವಾಗಲಿ ಎಂದು ಹಣ ಹಾಕಿದವನು ಹೇಳಿದರೆ ಅವನಿಗೆ ಏನೆಂದು ಉತ್ತರ ಕೊಡುವಿರಿ? ರಸಿಕನ ತಾತ್ಸಾರವೇ ವ್ಯಾಪಾರಿಯ ಲೆಕ್ಕಕ್ಕೆ ಮೊದಲನೆಯ ಅಂಕಿ. ಒಬ್ಬರ ದುಡಿಮೆಯನ್ನು ದುಡಿಮೆಯಲ್ಲವೆಂದು ಮೊದಲು ನಾವು ನಗುತ್ತೇವೆ. ಅದಕ್ಕೆ ಕೂಲಿ ಬೇಡವೆಂದು ಆಮೇಲೆ ಇನ್ನೊಬ್ಬರು ತೀರ್ಮಾನಿಸುತ್ತಾರೆ.

ತಾರೆಯರನ್ನು ಮೆಚ್ಚಬೇಡಿರೆಂದು ನಾನು ಹೇಳುವುದಿಲ್ಲ. 'ಆಲ್ ಅಬೌಟ್ ಈವ್' ಚಿತ್ರದಲ್ಲಿ ಬೆಟ್ಟಿ ಡೇವಿಸ್ಸಳ ಅಭಿನಯವನ್ನು ನಾನೂ ಮೆಚ್ಚಿದವನೇ. ಆದರೆ ಅದೇ ಚಿತ್ರದಲ್ಲಿ, ಪಾರಿತೋಷಕ ಪಡೆದ ಈವಳ ಬಳಿಗೆ ಬಂದು ಅಭಿನಂದಿಸಿ ಸರಿದುಹೋಗುವ ಒಬ್ಬ ಮಹಿಳೆಯಿದ್ದಾಳೆ. ಆಕೆಯೇ ಬೆಸ್ ಫ್ಲವರ್ಸ್. ಇತರರ ಗೆಲುವನ್ನು ಹಾರೈಸುವ ಆ ಒಂದು ಕ್ಷಣವನ್ನು ಮುಂದಿನ ಸಲ ಚಿತ್ರವನ್ನು ನೋಡುವಾಗ ವಾಚಕರು ಗಮನಿಸಲಿ. ಆ ಮುಖದಲ್ಲಿ ಸೋಲಿನ ಛಾಯೆಯಿದೆಯೆ, ಕೆಲಸವನ್ನು ಬಲ್ಲವಳ ನೆಮ್ಮದಿಯಿದೆಯೆ, ಅವರೇ ಹೇಳಲಿ.

ಕೊನೆಗೆ ನಮ್ಮ ಮನೆಯ ಮಾತು. ಕಳೆದ ವಾರ್ಷಿಕೋತ್ಸವದಲ್ಲಿ ನಮ್ಮ ಸಂಘದವರು ಆಡಿದ ನಾಟಕದ ವರದಿಯು ಇದೇ ಪತ್ರಿಕೆಯಲ್ಲಿ ಅಚ್ಚಾಯಿತು. ರಾಜನಾದವರ ಹೆಸರಿದೆ, ರಾಣಿಯಾದವರ ಹೆಸರಿದೆ. ಮೂರು ಗಂಟೆಯ ಕಾಲ ಭರ್ಜಿ ಹಿಡಿದು ಕದಲದೆ ನಿಂತ ಇಬ್ಬರು ಹುಡುಗರಿಗೂ, ಪರದೆಯೆಳೆದವರಿಗೂ ಸೇರಿ ಸಂದದ್ದು 'ಇತರರು ಸಹಕರಿಸಿದರು' ಎಂಬ ಎರಡೇ ಮಾತು. ಆ ವರದಿಯನ್ನು ಬರೆದವನು ನಾನೇ. ಹೆಸರು ಹಾಕಿದ್ದರೆ ಒಂದು ಸಾಲಿಗಿಂತ ಹೆಚ್ಚು ಸ್ಥಳ ಹಿಡಿಯುತ್ತಿರಲಿಲ್ಲ. ಮುಂದಿನ ವರ್ಷದಿಂದ ಆ ಸಾಲನ್ನು ಬಿಡಕೂಡದೆಂದು ಕಾರ್ಯಕಾರಿ ಸಮಿತಿಗೆ ಬರೆದು ಕೊಟ್ಟಿದ್ದೇನೆ. ನಮ್ಮ ಮಿತ್ರರೂ ಆ ಸಮಿತಿಯಲ್ಲಿದ್ದಾರೆ. ಅವರು ಈ ಸಲ ನಗದೆ ಕೈಯೆತ್ತುವರೆಂದು ನಂಬಿದ್ದೇನೆ.