ಕಪ್ಪು ಹಾಯಿಯ ಹಡಗು

ಬೆಳಕನ್ನು ಬರೆಯುವುದರಲ್ಲಿ ಇಂಗ್ಲೆಂಡಿನ ಟರ್ನರನನ್ನು (1775–1851) ಮೀರಿಸಿದವರು ಕಡಿಮೆ. ಅಂಥವನು 1842ರಲ್ಲಿ ಒಂದು ಹಡಗಿನ ಹಾಯಿಗಳಿಗೆ ಕಾಡಿಗೆಯಂಥ ಕಪ್ಪು ಬಳಿದು ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿಟ್ಟ. ಚಿತ್ರದ ಹೆಸರು ‘ಶಾಂತಿ: ಕಡಲಲ್ಲಿ ಅಂತ್ಯಕ್ರಿಯೆ’.

ಯಾರ ಅಂತ್ಯಕ್ರಿಯೆ? ಸ್ಕಾಟ್ಲೆಂಡಿನ ಚಿತ್ರಕಾರ ಸರ್ ಡೇವಿಡ್ ವಿಲ್ಕಿಯದು. ಹಳ್ಳಿಗರ ಬದುಕನ್ನು ಚಿತ್ರಿಸಿ ಇಪ್ಪತ್ತರ ವಯಸ್ಸಿಗೇ ಹೆಸರಾದವನು ಅವನು. ಅವನಿಗಿಂತ ಹತ್ತು ವರ್ಷ ಹಿರಿಯನಾದ ಟರ್ನರ್ ಕೂಡ 1807ರಲ್ಲಿ ಅದೇ ಧಾಟಿಯಲ್ಲಿ ಹಳ್ಳಿ ಕಮ್ಮಾರನ ಚಿತ್ರವೊಂದನ್ನು ಬರೆದ. ಪೈಪೋಟಿಯೆಂದರೆ ತಪ್ಪಾಗಲಾರದು! ಪೂರ್ವದೇಶಗಳ ಪ್ರವಾಸ ಮುಗಿಸಿ ‘ಓರಿಯಂಟಲ್’ ಎಂಬ ಉಗಿಹಡಗಿನಲ್ಲಿ ಊರಿಗೆ ಮರಳುತ್ತಿದ್ದ ವಿಲ್ಕಿ, 1841ರ ಜೂನ್ 1ರಂದು ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ತೀರಿಕೊಂಡ. ರೋಗ ಹರಡೀತೆಂಬ ಭಯದ ಕಾಲ ಅದು; ಶವವನ್ನು ದಡಕ್ಕಿಳಿಸಲು ಅಲ್ಲಿನ ಅಧಿಕಾರಿಗಳು ಒಪ್ಪಲಿಲ್ಲ. ಅಂದೇ ಕಡಲಿಗೆ ಒಪ್ಪಿಸಬೇಕಾಯಿತು. ಮೂರು ಹಿಡಿ ಮಣ್ಣೂ ದಕ್ಕಲಿಲ್ಲ.

ಟರ್ನರ್ ಅದನ್ನು ಕಣ್ಣಾರೆ ಕಂಡವನಲ್ಲ. ಗೆಳೆಯ ಜಾರ್ಜ್ ಜೋನ್ಸ್ ಹಡಗಿನ ಮೇಲೆ ನಡೆದ ವಿಧಿಯನ್ನು ಚಿತ್ರಿಸಲು ಹೊರಟಾಗ, ತಾನು ದಡದಿಂದ ಕಾಣುವ ನೋಟವನ್ನು ಆರಿಸಿಕೊಂಡ. ಹಾಗಾಗಿ ಇಲ್ಲಿ ಅಳುವ ಮುಖಗಳಿಲ್ಲ. ತಣ್ಣಗಿನ ನೀಲಿ ಆಕಾಶ, ಅಲುಗದ ನೀರು, ನಡುವೆ ಕರಿಯ ಹಡಗು. ಅದರ ಮಗ್ಗುಲಲ್ಲಿ ಮಾತ್ರ ಒಂದು ಕೆಂಬೆಳಕು ಕಂಬದಂತೆ ನಿಂತು ನೀರಿಗೂ ಇಳಿದಿದೆ. ಶವ ಇಳಿಸುತ್ತಿರುವುದು ಅಲ್ಲೇ. ಹತ್ತಿರ ಹೋಗಿ ಹುಡುಕಿದರೆ ಸಣ್ಣ ಸಣ್ಣ ನೆರಳುಗಳು ಕಂಡಾವು.

ಹಾಯಿ ಇಷ್ಟು ಕಪ್ಪಾಗಿರುತ್ತದೆಯೇ ಎಂದು ಆಕ್ಷೇಪಿಸಿದವನು ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್. ಸ್ವತಃ ನಾವಿಕನಾಗಿದ್ದು ಆಮೇಲೆ ಕಡಲ ಚಿತ್ರಕಾರನಾದವನು, ತಿಳಿದೇ ಹೇಳಿದ್ದ. ಇದಕ್ಕಿಂತ ಕಪ್ಪಾದ ಬಣ್ಣವಿದ್ದಿದ್ದರೆ ಅದನ್ನೇ ಹಚ್ಚುತ್ತಿದ್ದೆ ಎಂಬರ್ಥದ ಉತ್ತರ ಕೊಟ್ಟನಂತೆ ಟರ್ನರ್. ನನಗನ್ನಿಸುವಂತೆ, ಸ್ಟ್ಯಾನ್‌ಫೀಲ್ಡ್ ಹಡಗನ್ನು ನೋಡುತ್ತಿದ್ದ. ಟರ್ನರ್ ಹಡಗಿಗೇ ಸೂತಕದ ಬಟ್ಟೆ ಉಡಿಸಿದ್ದ.

ಕಪ್ಪನ್ನು ಮುಟ್ಟಲೇಬೇಡಿ, ಚಿತ್ರ ಕೊಳೆಯಾಗುತ್ತದೆ ಎಂದು ಡ್ರಾಯಿಂಗ್ ಮೇಷ್ಟ್ರು ಮಕ್ಕಳಿಗೆ ಹೇಳುವುದುಂಟು. ಆದರೆ ಬಣ್ಣದ ಪೆಟ್ಟಿಗೆಯಲ್ಲಿ ಬಿಳಿಗಿಂತ ಬೆಳ್ಳಗಿನದು ಸಿಗುವುದಿಲ್ಲ. ದೀಪ ಉರಿಯುವಂತೆ ಕಾಣಬೇಕಾದರೆ ಸುತ್ತ ಕತ್ತಲೆ ಬೇಕು. ಈ ಚಿತ್ರದ ಮುದ್ರಿತ ಪ್ರತಿ ಸಿಕ್ಕರೆ ಹಾಯಿಗಳನ್ನೂ ಹಡಗಿನ ಒಡಲನ್ನೂ ಬಿಳಿ ಕಾಗದದ ಚೂರುಗಳಿಂದ ಮುಚ್ಚಿ ನೋಡಿ. ಆ ಕೆಂಬೆಳಕು ಕಳೆಗುಂದುತ್ತದೆ. ಮೂಲಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಉದ್ದಗಲ ಸುಮಾರು 87 ಸೆಂಟಿಮೀಟರ್, ಅಷ್ಟೆ.